ಕೌಂಟರ್ ಕೆಳಗಿನ ಕರಿ ಡಬ್ಬಿ: ಸೀಲ್ ಆಗಿರುವುದು ಬ್ಯಾಟರಿಯೋ, ಮಾಲೀಕರ ಕಣ್ಣೋ?

ಸಂಜೆ ಏಳರ ಹೊತ್ತಿಗೆ ತುಮಕೂರಿನ ಮಂಡಿಪೇಟೆಯಲ್ಲಿ ಕರೆಂಟು ಹೋದರೆ ಈಗ ಯಾರೂ ಮೇಣದಬತ್ತಿ ಹುಡುಕುವುದಿಲ್ಲ. ‘ಟಕ್’ ಅಂತ ಒಂದು ಸದ್ದು, ಅರೆಕ್ಷಣ ಕತ್ತಲೆ, ಮತ್ತೆ ಬೆಳಕು. ಬಿಲ್ಲಿನ ಕಂಪ್ಯೂಟರ್ ನಿಲ್ಲುವುದಿಲ್ಲ, ತೂಕದ ಮಿಷನ್ನಿನ ಕೆಂಪು ಅಂಕಿ ಆರುವುದಿಲ್ಲ, ಗಿರಾಕಿಯೂ ಎದ್ದು ಹೋಗುವುದಿಲ್ಲ. ಈ ಸುಖವೆಲ್ಲ ಯಾರ ದಯೆ? ಕೌಂಟರ್ ಕೆಳಗೆ, ಖಾಲಿ ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ, ಜೇಡರ ಬಲೆ ಹೊದ್ದು ಕೂತಿರುವ ಒಂದು ಕರಿ ಡಬ್ಬಿಯ ದಯೆ.

ಆ ಡಬ್ಬಿಗೆ ಸೀಲ್ಡ್ ಬ್ಯಾಟರಿ ಎಂದು ಹೆಸರು. ‘ಇದನ್ನು ಎಲ್ಲಿ ಇಡೋದಪ್ಪ?’ ಎಂದು ಮಾಲೀಕರು ಕೇಳಿದರೆ, ತಂದುಕೊಟ್ಟ ಹುಡುಗ ಬೈಕಿನಿಂದ ಇಳಿಯುವ ಮೊದಲೇ ಉತ್ತರ ಕೊಡುತ್ತಾನೆ: ‘ಎಲ್ಲಾದ್ರೂ ಇಡಿ ಸಾರ್, ಸೀಲ್ಡ್ ಐತೆ. ನೀರು ಹಾಕಂಗಿಲ್ಲ, ಏನೂ ಮಾಡಂಗಿಲ್ಲ.’ ಮಾಲೀಕರಿಗೆ ಅಷ್ಟೇ ಸಾಕು. ಡಬ್ಬಿಯನ್ನು ಮೂಲೆಗೆ ತಳ್ಳಿ ಮರೆತುಬಿಡುತ್ತಾರೆ. ಮತ್ತೆ ಅದರ ನೆನಪಾಗುವುದು ಕರೆಂಟು ಹೋದಾಗ ಬೆಳಕು ಬಾರದ ದಿನ, ಇಲ್ಲವೆ ಸುಟ್ಟ ವಾಸನೆ ಬಂದ ದಿನ.

ಆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ನೀರು ಹಾಕುವಂತಿಲ್ಲ ಎಂಬುದು ನಿಜ. ಏನೂ ಮಾಡುವಂತಿಲ್ಲ ಎಂಬುದು ಸುಳ್ಳು. ಈ ಅರ್ಧ ಸುಳ್ಳನ್ನು ನಂಬಿಕೊಂಡೇ ಜಿಲ್ಲೆಯ ಅಂಗಡಿ ಮುಂಗಟ್ಟುಗಳು ನಡೆಯುತ್ತಿವೆ.

ಎಲ್ಲೆಲ್ಲೂ ಇದೇ ಡಬ್ಬಿ

ಯುಪಿಎಸ್ ಇರುವವರ ಸಮಾಚಾರ ಇದು, ತಮಗೇನು ಎಂದು ಸಣ್ಣ ವ್ಯಾಪಾರಿ ಹೇಳುವ ಹಾಗಿಲ್ಲ. ತರಕಾರಿ ಮಾರುವವರ ತಳ್ಳುಗಾಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಸಾಮಾನ್ಯವಾಗಿ ಇಂಥದ್ದೇ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಹಳೇ ಎಮರ್ಜೆನ್ಸಿ ಲೈಟಿನಲ್ಲಿ, ರೈತರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್‌ನಲ್ಲಿ, ಕಟ್ಟಡದ ಲಿಫ್ಟಿನಲ್ಲಿ, ಕಳ್ಳರನ್ನು ಕಂಡರೆ ಕೂಗುವ ಅಲಾರಂನಲ್ಲಿ, ಮಕ್ಕಳು ಕೂತು ಓಡಿಸುವ ಆಟದ ಕಾರಿನಲ್ಲಿ ಕೂಡ ಇದೇ ಜಾತಿ. ಜೆರಾಕ್ಸ್ ಅಂಗಡಿಯ ಚಿಕ್ಕ ಯುಪಿಎಸ್ಸಿನಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ತೂಕ ಎರಡು ಕಿಲೋಗಿಂತ ಸ್ವಲ್ಪ ಮೇಲೆ. ನೋಡಲು ಇಟ್ಟಿಗೆಗಿಂತ ಚಿಕ್ಕದು. ಚಿಕ್ಕದೆಂದು ತಾತ್ಸಾರ ಮಾಡಿದವರೇ ಹೆಚ್ಚು.

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಬೇಕು. ಮನೆಗಳಲ್ಲಿ, ಹೋಟೆಲುಗಳಲ್ಲಿ ದೊಡ್ಡ ಇನ್ವರ್ಟರ್ ಜೊತೆಗಿರುವ 50-60 ಕಿಲೋ ತೂಗುವ ಬ್ಯಾಟರಿಗಳು ಬಹುಪಾಲು ಸೀಲ್ಡ್ ಅಲ್ಲ. ಅವುಗಳ ತಲೆಯ ಮೇಲೆ ಬಿರಡೆಗಳಿರುತ್ತವೆ, ನೀರಿನ ಮಟ್ಟ ತೋರಿಸುವ ಕಡ್ಡಿಗಳಿರುತ್ತವೆ. ಅವಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು, ಗಾಳಿ ಇನ್ನೂ ಹೆಚ್ಚು ಬೇಕು, ಅಡ್ಡ ಮಲಗಿಸುವಂತಿಲ್ಲ. ‘ಎಲ್ಲಾ ಬ್ಯಾಟರಿನೂ ಒಂದೇ’ ಎಂದು ಅದನ್ನೂ ಮಂಚದ ಕೆಳಗೆ ತಳ್ಳಿ ಮಲಗುವ ಮಹಾಶಯರಿದ್ದಾರೆ. ತಲೆಯ ಮೇಲೆ ಬಿರಡೆ ಇದ್ದರೆ ಅದು ನೀರು ಕುಡಿಯುವ ಬ್ಯಾಟರಿ, ಇಷ್ಟು ಗುರುತು ಇಟ್ಟುಕೊಂಡರೆ ಸಾಕು.

ಸೀಲ್ ಅಂದರೆ ಬೀಗವಲ್ಲ

ಸೀಲ್ಡ್ ಬ್ಯಾಟರಿಯ ಹೊಟ್ಟೆಯಲ್ಲಿರುವುದೇನು? ಕಾರಿನ ಬ್ಯಾಟರಿಯಲ್ಲಿರುವುದೇ. ಸೀಸದ ತಟ್ಟೆಗಳು, ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕಂಡುಹಿಡಿದ ಉಪಾಯವೇ ಇಂದಿಗೂ ನಡೆದಿದೆ. ವ್ಯತ್ಯಾಸ ಇಷ್ಟೇ: ತೆರೆದ ಬ್ಯಾಟರಿಯಲ್ಲಿ ಆಸಿಡ್ ನೀರಿನಂತೆ ಕುಲುಕಾಡುತ್ತದೆ, ಸೀಲ್ಡ್ ಬ್ಯಾಟರಿಯಲ್ಲಿ ಅದು ಗಾಜಿನ ನಾರಿನ ಚಾಪೆಯೊಳಗೆ ಹೀರಿಕೊಂಡಿರುತ್ತದೆ, ಇಲ್ಲವೆ ಲೋಳೆಯಂತೆ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಚೆಲ್ಲುವುದಿಲ್ಲ. ಆದರೆ ಆಸಿಡ್ ಅಲ್ಲೇ ಇದೆ.

ಚಾರ್ಜ್ ಆಗುವಾಗ ಬ್ಯಾಟರಿಯೊಳಗೆ ನೀರು ಒಡೆದು ಆಮ್ಲಜನಕವೂ ಜಲಜನಕವೂ ಹುಟ್ಟುತ್ತವೆ. ಸೀಲ್ಡ್ ಬ್ಯಾಟರಿಯ ಜಾಣತನವೆಂದರೆ, ಅದು ಈ ಅನಿಲವನ್ನು ಹೊರಗೆ ಬಿಡದೆ ಬಹುಪಾಲನ್ನು ಒಳಗೇ ಮತ್ತೆ ನೀರಾಗಿಸಿಕೊಳ್ಳುತ್ತದೆ. ಆದರೆ ಚಾರ್ಜ್ ಮಿತಿ ಮೀರಿದರೆ, ಬಿಸಿ ಹೆಚ್ಚಿದರೆ, ಅದಕ್ಕೆ ತಡೆದುಕೊಳ್ಳಲಾಗುವುದಿಲ್ಲ. ಆಗ ಮುಚ್ಚಳದ ಒಳಗಿರುವ ಸಣ್ಣ ರಬ್ಬರ್ ವಾಲ್ವು ತೆರೆದುಕೊಂಡು ಅನಿಲವನ್ನು ಹೊರಬಿಡುತ್ತದೆ. ಅಡುಗೆ ಮನೆಯ ಕುಕ್ಕರಿನ ವಿಷಲ್ಲಿಗೆ ಏನು ಕೆಲಸವೋ ಇದಕ್ಕೂ ಅದೇ ಕೆಲಸ. ಹೊರಬರುವುದು ಜಲಜನಕ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಹೀಗಿರುವಾಗ ಈ ಡಬ್ಬಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ, ಬಾಗಿಲು ಹಾಕಿದ ಬೀರುವಿನಲ್ಲಿ ಇಡುವುದೆಂದರೆ ಬೂದಿ ಮುಚ್ಚಿದ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡಂತೆ. ಇನ್ನು ಕೆಲವು ಅಂಗಡಿಗಳಲ್ಲಿ ದೇವರ ಪಟದ ಸ್ಟ್ಯಾಂಡಿನ ಕೆಳಗೇ ಯುಪಿಎಸ್ಸು. ಮೇಲೆ ದೀಪ, ಊದುಬತ್ತಿ, ಶುಕ್ರವಾರ ಕರ್ಪೂರದಾರತಿ. ಜಲಜನಕ ಗಾಳಿಗಿಂತ ಹಗುರ, ಮೇಲಕ್ಕೇ ಏರುತ್ತದೆ. ದೇವರು ಕಾಪಾಡುತ್ತಾನೆ, ಸರಿ. ಆದರೆ ದೀಪವನ್ನು ಒಂದು ಮಾರು ಆಚೆ ಇಟ್ಟರೆ ದೇವರಿಗೂ ಕೆಲಸ ಹಗುರವಾದೀತು.

ಬಿಸಿಗೆ ಕರಗುವುದು ದುಡ್ಡು

ಅಪಾಯದ ಮಾತು ಕೇಳಿ ಬೇಸರವಾಗುವವರಿಗೆ ದುಡ್ಡಿನ ಮಾತು ಹೇಳಬಹುದು. ಸಣ್ಣ ಸೀಲ್ಡ್ ಬ್ಯಾಟರಿಗಳನ್ನು ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳಲೆಂದು ಮಾಡಿರುತ್ತಾರೆ. ಆದರೆ ಆ ಲೆಕ್ಕ ಸುಮಾರು 25 ಡಿಗ್ರಿ ಬಿಸಿಗೆ. ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧ. ಏಪ್ರಿಲ್ ತಿಂಗಳಲ್ಲಿ, ತಗಡಿನ ಶೀಟಿನ ಅಂಗಡಿಯಲ್ಲಿ, ಫ್ರಿಜ್ಜಿನ ಹಿಂದುಗಡೆಯ ಬಿಸಿಗಾಳಿಗೆ ಬೆನ್ನು ಕೊಟ್ಟು ಕೂತ ಬ್ಯಾಟರಿ ಒಂದೂವರೆ ವರ್ಷಕ್ಕೇ ಕಣ್ಣು ಮುಚ್ಚಿದರೆ ಕಂಪನಿಯನ್ನು ಬೈದು ಫಲವೇನು? ‘ಮಾಲು ಸರಿಯಿಲ್ಲ ಕಣ್ರೀ’ ಎಂದು ದೂರುವವರು ಒಮ್ಮೆ ಬಗ್ಗಿ, ಬ್ಯಾಟರಿ ಎಲ್ಲಿದೆ ಎಂದು ನೋಡಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಾಗಲಿ, ಬಿ.ಎಚ್. ರಸ್ತೆಯ ಬೇಕರಿಯಾಗಲಿ, ಒಲೆಯ ಗೋಡೆಗೆ ಒತ್ತಿಕೊಂಡಂತೆ ಬ್ಯಾಟರಿ ಇಡುವುದು ದುಡ್ಡನ್ನೇ ಒಲೆಗೆ ಹಾಕಿದಂತೆ.

ಇಡಬೇಕಾದದ್ದು ಎಲ್ಲಿ? ನೆಲದಿಂದ ಸ್ವಲ್ಪ ಎತ್ತರದಲ್ಲಿ, ಭದ್ರವಾದ ಹಲಗೆಯ ಮೇಲೆ. ಬಿಸಿಲು ಬೀಳದ, ನೀರು ಸಿಡಿಯದ, ಸುತ್ತ ಗಾಳಿಯಾಡುವ ಜಾಗದಲ್ಲಿ. ಎರಡು ಮೂರು ಬ್ಯಾಟರಿಗಳಿದ್ದರೆ ಒಂದಕ್ಕೊಂದು ಅಂಟಿಸದೆ ಒಂದು ಬೆರಳಿನಷ್ಟು ಸಂದು ಬಿಡಬೇಕು. ಮೇಲೆ ಹಳೇ ಪೇಪರ್ ಕಟ್ಟು, ಪ್ಲಾಸ್ಟಿಕ್ ಚೀಲ, ಬಟ್ಟೆ ಹೇರಬಾರದು. ಸೀಲ್ಡ್ ಆದ್ದರಿಂದ ಅಡ್ಡ ಮಲಗಿಸಬಹುದು ಎನ್ನುವುದು ನಿಜ. ಆದರೆ ತಲೆಕೆಳಗಾಗಿ ಇಟ್ಟು ಚಾರ್ಜ್ ಮಾಡಲೇಬಾರದು. ಧೂಳು ಒರೆಸಲು ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಹಾಕಿ ಫಳಫಳ ಹೊಳೆಸಲು ಹೋದರೆ ಪ್ಲಾಸ್ಟಿಕ್ ಡಬ್ಬಿಯೇ ಬಿರುಕು ಬಿಡುತ್ತದೆ.

ಸ್ಪ್ಯಾನರ್ ಹಿಡಿದವರೆಲ್ಲ ಮೆಕ್ಯಾನಿಕ್

ಇನ್ನು ಜೋಡಿಸುವ ವೈಭವ. ‘12 ವೋಲ್ಟು ತಾನೆ, ಶಾಕ್ ಹೊಡೆಯಲ್ಲ’ ಎಂದು ಅಂಗಡಿಯ ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟು ಮಾಲೀಕರು ಗಲ್ಲಾಪೆಟ್ಟಿಗೆಗೆ ಹೋಗುತ್ತಾರೆ. ಶಾಕ್ ಹೊಡೆಯುವುದಿಲ್ಲ, ಒಪ್ಪತಕ್ಕದ್ದೇ. ಆದರೆ ಕೆಂಪು ತುದಿಗೂ ಕಪ್ಪು ತುದಿಗೂ ಅದೇ ಸ್ಪ್ಯಾನರ್ ಒಟ್ಟಿಗೆ ತಗುಲಿದರೆ, ಅಂಗೈಯಗಲದ ಬ್ಯಾಟರಿ ಕೂಡ ನೂರಾರು ಆಂಪಿಯರ್ ಕರೆಂಟನ್ನು ಒಂದೇ ಏಟಿಗೆ ಹರಿಸಬಲ್ಲದು. ಸ್ಪ್ಯಾನರ್ ಕಾದು ಕೆಂಪಾಗುತ್ತದೆ, ಕರಗಿದ ಲೋಹದ ಕಿಡಿ ಮುಖಕ್ಕೆ ಹಾರುತ್ತದೆ. ಸ್ಪ್ಯಾನರಿನ ಬದಲು ಬೆರಳಿನ ಉಂಗುರ, ಕೈಯ ಕಡಗ, ವಾಚಿನ ಸ್ಟೀಲ್ ಪಟ್ಟಿ ತಗುಲಿದರೆ ಅದು ಕಾಯುವುದು ಚರ್ಮದ ಮೇಲೇ. ಬ್ಯಾಟರಿ ಮುಟ್ಟುವ ಮೊದಲು ಉಂಗುರ, ಕಡಗ, ವಾಚು ಕಳಚಿಡಬೇಕು. ಕತ್ತಿನ ಸರ ಅಂಗಿಯೊಳಗೆ ಹಾಕಿಕೊಳ್ಳಬೇಕು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಬೇಕು. ಕಣ್ಣಿಗೆ ಕನ್ನಡಕ ಹಾಕಬೇಕು. ಇದಕ್ಕೆಲ್ಲ ಖರ್ಚೆಷ್ಟು? ಒಂದು ಕಾಫಿ, ತಿಂಡಿಯಷ್ಟು.

ಬ್ಯಾಂಕು, ಆಸ್ಪತ್ರೆ, ದೊಡ್ಡ ಕಚೇರಿಗಳ ಮಾತೇ ಬೇರೆ. ಅಲ್ಲಿ ಹತ್ತು ಹದಿನಾರು ಬ್ಯಾಟರಿಗಳನ್ನು ಸರಣಿಯಾಗಿ ಪೋಣಿಸಿರುತ್ತಾರೆ. ಹದಿನಾರಾದರೆ 192 ವೋಲ್ಟು. ಅದು ಶಾಕ್ ಹೊಡೆಯುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಮೇನ್ ಸ್ವಿಚ್ ಆಫ್ ಮಾಡಿದರೂ ಅದು ಸಾಯುವುದಿಲ್ಲ, ಏಕೆಂದರೆ ಬ್ಯಾಟರಿಗೆ ಆಫ್ ಎಂಬುದೇ ಇಲ್ಲ. ಅದು ತರಬೇತಿ ಪಡೆದ ತಂತ್ರಜ್ಞರ ಕೆಲಸ. ಕಸ ಗುಡಿಸುವವರು, ಬಣ್ಣ ಹೊಡೆಯುವವರು ಆ ಕೋಣೆಗೆ ಕೈ ಹಾಕಬಾರದು.

ಚಿಕ್ಕ ಅಂಗಡಿಯಲ್ಲಿ ಬ್ಯಾಟರಿ ಬದಲಿಸುವಾಗ ಕ್ರಮ ಹೀಗೆ. ಮೊದಲು ಯುಪಿಎಸ್ ಆಫ್ ಮಾಡಿ ಗೋಡೆಯ ಪ್ಲಗ್ ಕಿತ್ತುಬಿಡಬೇಕು. ಬಿಚ್ಚುವಾಗ ಕಪ್ಪು ವೈರ್ ಮೊದಲು, ಕೆಂಪು ಆಮೇಲೆ. ಜೋಡಿಸುವಾಗ ಕೆಂಪು ಮೊದಲು, ಕಪ್ಪು ಕಡೆಗೆ. ಬಿಚ್ಚಿದ ವೈರಿನ ತುದಿಗೆ ಆಗಲೇ ಟೇಪ್ ಸುತ್ತಬೇಕು. ಕೆಂಪು-ಕಪ್ಪು ಅದಲುಬದಲಾದರೆ ಯುಪಿಎಸ್ಸೇ ಸುಟ್ಟುಹೋದೀತು. ತುದಿಗಳು ಬಿಗಿಯಾಗಿರಬೇಕು, ಸಡಿಲವಾದರೆ ಅಲ್ಲೇ ಕಾಯುತ್ತದೆ, ಅಲ್ಲೇ ಕಿಡಿ ಹಾರುತ್ತದೆ. ಹಾಗೆಂದು ಪೈಲ್ವಾನನಂತೆ ತಿರುಪಿದರೆ ಮೃದುವಾದ ಸೀಸದ ತುದಿಯೇ ಕಿತ್ತು ಬರುತ್ತದೆ. ಬ್ಯಾಟರಿಯನ್ನು ಯುಪಿಎಸ್ಸಿನ ಹೊರಗೆ ಉದ್ದ ವೈರಿನಲ್ಲಿ ಇಡುವುದಾದರೆ ಕೆಂಪು ತುದಿಯ ಹತ್ತಿರವೇ ಒಂದು ಫ್ಯೂಸ್ ಇರಲೇಬೇಕು, ವೈರೂ ದಪ್ಪಗಿರಬೇಕು. ಬಲ್ಬಿನ ತೆಳು ವೈರಿನಲ್ಲಿ ಬ್ಯಾಟರಿ ಕಟ್ಟಿದರೆ ಆ ವೈರೇ ಒಲೆಯ ಸುರುಳಿಯಾಗುತ್ತದೆ.

ಎರಡು ಬ್ಯಾಟರಿಗಳಿರುವಲ್ಲಿ ಒಂದು ಕೆಟ್ಟರೆ ಒಂದನ್ನೇ ಬದಲಿಸುವುದು ಇನ್ನೊಂದು ಜುಗ್ಗತನ. ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಹೂಡಿದಂತೆ. ಹಳೆಯದು ಬೇಗ ಬಳಲುತ್ತದೆ, ಹೊಸದಕ್ಕೆ ಅತಿ ಚಾರ್ಜ್ ಬೀಳುತ್ತದೆ, ವರ್ಷದೊಳಗೆ ಎರಡೂ ಹೋಗುತ್ತವೆ. ಬದಲಿಸಿದರೆ ಎರಡನ್ನೂ ಬದಲಿಸಬೇಕು, ಒಂದೇ ಕಂಪನಿ, ಒಂದೇ ಅಳತೆ.

ಚಾರ್ಜರ್ ವಿಷಯ ಎಲ್ಲಕ್ಕಿಂತ ಮುಖ್ಯ. 12 ವೋಲ್ಟಿನ ಸೀಲ್ಡ್ ಬ್ಯಾಟರಿಯನ್ನು ಸದಾ ಚಾರ್ಜಿನಲ್ಲೇ ಇಡುವುದಾದರೆ ಸಾಮಾನ್ಯವಾಗಿ 13.5ರಿಂದ 13.8 ವೋಲ್ಟಿನ ಮಿತಿಯಲ್ಲಿರಬೇಕು. ಈ ಅಂಕಿ ಬಹಳಷ್ಟು ಬ್ಯಾಟರಿಗಳ ಮೈಮೇಲೇ ಅಚ್ಚಾಗಿರುತ್ತದೆ. 7 ಆಂಪಿಯರ್ ಅವರ್ ಬ್ಯಾಟರಿಗೆ ಸುಮಾರು 2 ಆಂಪಿಯರಿಗಿಂತ ಹೆಚ್ಚು ಕರೆಂಟು ತುಂಬಬಾರದು. ತುಂಬಿದ ಮೇಲೆ ತಾನೇ ನಿಲ್ಲದ ಅಗ್ಗದ ಚಾರ್ಜರ್, ಕಾರಿನ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರ್, ಎರಡೂ ಇದಕ್ಕೆ ಯಮ. ಸ್ಪ್ರೇಯರ್ ಕೊಂಡ ರೈತರು ಹಂಗಾಮು ಮುಗಿದ ಮೇಲೆ ಅದನ್ನು ಅಟ್ಟಕ್ಕೆ ಹಾಕಿ ಮುಂದಿನ ಮುಂಗಾರಿಗೆ ಇಳಿಸುತ್ತಾರೆ. ಅಷ್ಟರಲ್ಲಿ ಬ್ಯಾಟರಿ ಕಲ್ಲಾಗಿರುತ್ತದೆ. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸೀಸದ ತಟ್ಟೆಯ ಮೇಲೆ ಗಟ್ಟಿ ಪದರ ಕೂತು ಮತ್ತೆ ಚಾರ್ಜೇ ಹಿಡಿಯುವುದಿಲ್ಲ. ತುಂಬಿಸಿ ಎತ್ತಿಡಬೇಕು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು.

ಊದಿದ ಹೊಟ್ಟೆ, ಕೊಳೆತ ಮೊಟ್ಟೆ

ಬ್ಯಾಟರಿ ಸಾಯುವ ಮುನ್ನ ಸೂಚನೆ ಕೊಡುತ್ತದೆ. ಪಕ್ಕ ಊದಿಕೊಳ್ಳುತ್ತದೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ತುದಿಯಲ್ಲಿ ಬಿಳಿ, ಹಸಿರು ಪುಡಿ. ಕೆಳಗೆ ಒದ್ದೆ. ಇವುಗಳಲ್ಲಿ ಒಂದು ಕಂಡರೂ ‘ಇನ್ನೊಂದು ತಿಂಗಳು ನಡೀಲಿ’ ಎನ್ನಬಾರದು. ಊದಿದ ಬ್ಯಾಟರಿಯನ್ನು ಸುತ್ತಿಗೆಯಿಂದ ತಟ್ಟಿ ಯುಪಿಎಸ್ಸಿನೊಳಗೆ ತುರುಕುವ ಸಾಹಸವಂತೂ ಬೇಡವೇ ಬೇಡ.

ಅಂಗಡಿಯ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಬಂದರೆ ಇಲಿ ಸತ್ತಿದೆ ಎಂದು ಮೂಲೆ ಮೂಲೆ ಹುಡುಕುವವರಿದ್ದಾರೆ. ಬ್ಯಾಟರಿ ವಿಪರೀತ ಕಾದಾಗ ಬರುವ ವಿಷಾನಿಲದ ವಾಸನೆಯೂ ಅದೇ. ಶಟರ್ ಪೂರ್ತಿ ಎತ್ತಬೇಕು, ಜನರನ್ನು ಹೊರಗೆ ಕಳಿಸಬೇಕು, ಬೀಡಿ-ಸಿಗರೇಟು, ದೀಪ ಬೇಡ. ದೂರದ ಮೇನ್‌ನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಬ್ಯಾಟರಿ ತಣ್ಣಗಾಗುವವರೆಗೆ ಹತ್ತಿರ ಹೋಗಬಾರದು. ಆಗಲೇ ವೈರ್ ಕೀಳಲು ಹೋದರೆ ಅಲ್ಲೇ ಕಿಡಿ. ಬೆಂಕಿ ಕಂಡರೆ ಬಕೆಟ್ ನೀರು ಎರಚುವುದಲ್ಲ. ಒಣಪುಡಿಯ ಅಗ್ನಿಶಾಮಕ ಇದ್ದರೆ ಬಳಸಿ, ಇಲ್ಲವಾದರೆ ಹೊರಗೆ ಓಡಿ 112ಕ್ಕೆ ಫೋನ್ ಮಾಡಬೇಕು.

ಒಡೆದ ಬ್ಯಾಟರಿಯ ಆಸಿಡ್ ಕಣ್ಣಿಗೆ ತಗುಲಿದರೆ ಗಡಿಯಾರದ ಪ್ರತಿ ನಿಮಿಷವೂ ಲೆಕ್ಕ. ಉಜ್ಜಬಾರದು. ಹಾಲು, ಎಣ್ಣೆ, ಜೇನು, ನಾಟಿ ಮದ್ದು ಯಾವುದೂ ಬೇಡ. ಶುದ್ಧ ನೀರು, ಹರಿಯುವ ನೀರು, ರೆಪ್ಪೆ ತೆರೆದು ಹಿಡಿದು ಕನಿಷ್ಠ 15 ನಿಮಿಷ ತೊಳೆಯಬೇಕು. ಆಮೇಲೆ ತಡಮಾಡದೆ ಆಸ್ಪತ್ರೆಗೆ. ಚರ್ಮಕ್ಕೆ ಬಿದ್ದರೂ ನೀರೇ ಮದ್ದು. ಆಸಿಡ್ ಹತ್ತಿದ ಬಟ್ಟೆ ತೆಗೆದುಹಾಕಬೇಕು. ನೆಲಕ್ಕೆ ಚೆಲ್ಲಿದ್ದರೆ ಅದರ ಮೇಲೆ ಅಡುಗೆ ಸೋಡಾ ಸುರಿದು, ನೊರೆ ನಿಂತ ಮೇಲೆ ಕೈಗೆ ರಬ್ಬರ್ ಗ್ಲೌಸ್ ಹಾಕಿ ಒರೆಸಬೇಕು. ಸೋಡಾ ನೆಲಕ್ಕೆ ಮಾತ್ರ, ಕಣ್ಣಿಗಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಒಂದು ಕನ್ನಡಕಕ್ಕೆ ಜುಗ್ಗತನ ಮಾಡಿ ಹೋದ ಕಣ್ಣು ಅಂಗಡಿಯನ್ನೇ ಮಾರಿದರೂ ಬಾರದು.

ಬಸ್ಸಿನಲ್ಲಿ ‘ಲಗೇಜು’

ಇದು ಅಂಗಡಿಯವರ ಪುರಾಣ, ಪ್ರಯಾಣಿಕರಿಗೇನು ಎನ್ನಬೇಡಿ. ಗುಬ್ಬಿ, ಕೊರಟಗೆರೆ, ಕುಣಿಗಲ್ ಕಡೆಯಿಂದ ಸ್ಪ್ರೇಯರಿನ ಬ್ಯಾಟರಿ, ತಕ್ಕಡಿಯ ಬ್ಯಾಟರಿ ಬದಲಿಸಲು ತುಮಕೂರಿಗೆ ಬರುವವರು ಬರುವುದು ಬಸ್ಸಿನಲ್ಲೇ. ಬ್ಯಾಟರಿ ಕೈಚೀಲದಲ್ಲಿ, ಅದೇ ಚೀಲದಲ್ಲಿ ಮನೆಯ ಬೀಗದ ಕೈಗೊಂಚಲು, ಚಿಲ್ಲರೆ ಕಾಸು, ಸ್ಟೀಲ್ ಡಬ್ಬಿ. ಬಸ್ಸು ಹಂಪ್ ಹಾರಿದಾಗ ಬೀಗದ ಕೈ ಎರಡು ತುದಿಗೂ ತಗುಲಿದರೆ ಚೀಲಕ್ಕೆ ಚೀಲವೇ ಹೊತ್ತಿಕೊಳ್ಳಬಹುದು. ಐವತ್ತು ಜನ ಒತ್ತಿ ನಿಂತ ಬಸ್ಸಿನಲ್ಲಿ ಬೆಂಕಿಗಿಂತ ಮೊದಲು ಕೊಲ್ಲುವುದು ಗಾಬರಿ.

ಒಯ್ಯುವ ಮೊದಲು ಎರಡೂ ತುದಿಗಳಿಗೆ ಟೇಪ್ ಸುತ್ತಿ, ರಟ್ಟಿನ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬೇರೆ ಲೋಹದ ಸಾಮಾನು ಜೊತೆಗಿಡದೆ ಒಯ್ಯುವುದು ಕನಿಷ್ಠ ಮರ್ಯಾದೆ. ಒಡೆದ, ಊದಿದ, ಸೋರುವ ಬ್ಯಾಟರಿ, ಬಿರಡೆಯಿರುವ ಆಸಿಡ್ ಬ್ಯಾಟರಿ ಬಸ್ಸಿನೊಳಗೆ ಬರಲೇಬಾರದು. ಸೀಟಿನ ಕೆಳಗೆ ಬ್ಯಾಟರಿ ಕಂಡರೆ ‘ತುದಿಗೆ ಟೇಪ್ ಹಾಕಿದ್ದೀಯೇನಪ್ಪ?’ ಎಂದು ಕಂಡಕ್ಟರೋ ಪಕ್ಕದ ಪ್ರಯಾಣಿಕರೋ ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಇಡೀ ಬಸ್ಸಿಗೆ ಮಾಡಿದ ಉಪಕಾರ.

ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ?

ಎಲ್ಲಕ್ಕಿಂತ ದೊಡ್ಡ ವಿಷಯ ಕಡೆಗೆ. ಸತ್ತ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸಕ್ಕೆ ಬೆಲೆಯಿದೆ. ಹೊಸ ಬ್ಯಾಟರಿ ಮಾರುವವರು ಹಳೆಯದಕ್ಕೆ ಒಂದಿಷ್ಟು ಕಡಿತ ಕೊಡುತ್ತಾರೆ. ಗುಜರಿಯವ ಅದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತಾನೆ. ವ್ಯಾಪಾರಿ ಲೆಕ್ಕ ಬಲ್ಲವರು, ಗುಜರಿಗೇ ಕೊಡುತ್ತಾರೆ. ಗುಜರಿಯವ ಹೆಚ್ಚು ಕೊಡುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕು. ಸೀಸ ಕರಗಲು ಕಾರ್ಖಾನೆಯ ಕುಲುಮೆಯೇ ಬೇಕಿಲ್ಲ. 327 ಡಿಗ್ರಿಗೆ ಅದು ಕರಗುತ್ತದೆ, ಸೌದೆ ಬೆಂಕಿಯೇ ಸಾಕು. ಕದ್ದುಮುಚ್ಚಿ ಮಾಡುವಲ್ಲಿ ಬ್ಯಾಟರಿಯನ್ನು ಮಚ್ಚಿನಿಂದ ಒಡೆಯುತ್ತಾರೆ, ಆಸಿಡ್ ಮಣ್ಣಿಗೆ, ಮೋರಿಗೆ. ತಟ್ಟೆಗಳನ್ನು ಬಾಣಲೆಗೆ ಹಾಕಿ ಕರಗಿಸುತ್ತಾರೆ, ಹೊಗೆ ಊರಿಗೆ. ಖರ್ಚಿಲ್ಲದ ಕೆಲಸ, ಆದ್ದರಿಂದ ಹೆಚ್ಚು ಬೆಲೆ. ಆ ಹೆಚ್ಚಿನ ನೂರಿನ್ನೂರು ರೂಪಾಯಿಯನ್ನು ಕೊಡುತ್ತಿರುವುದು ಗುಜರಿಯವನಲ್ಲ. ಒಡೆಯುವ ಕೂಲಿಯವನ ಮಕ್ಕಳು ಕೊಡುತ್ತಿದ್ದಾರೆ.

ಇದು ಬಾಯಿಮಾತಲ್ಲ. ಆಫ್ರಿಕದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಪಕ್ಕದ ಒಂದು ಬಡಾವಣೆಯಲ್ಲಿ ಹಳೇ ಬ್ಯಾಟರಿಗಳಿಂದ ಸೀಸ ತೆಗೆಯುವ ದಂಧೆ ನಡೆದಿತ್ತು. ಅಲ್ಲಿನ ಮಣ್ಣನ್ನು ಜರಡಿ ಹಿಡಿದು ಸೀಸ ಮಾರುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್‌ವರೆಗಿನ ಅಷ್ಟೇ ತಿಂಗಳಲ್ಲಿ 18 ಮಕ್ಕಳು ಸತ್ತರು. ಸೀಸ ಹೀಗೆ ಒಮ್ಮೆಲೇ ಕೊಲ್ಲುವುದು ಅಪರೂಪ. ಹೆಚ್ಚಾಗಿ ಅದು ಮೆಲ್ಲಗೆ ಮಗುವಿನ ಮಿದುಳನ್ನು ಕುಗ್ಗಿಸುತ್ತದೆ. ಮಗು ಓದಿನಲ್ಲಿ ಹಿಂದೆ ಬೀಳುತ್ತದೆ, ಅಪ್ಪ ಅಮ್ಮ ‘ದಡ್ಡ’ ಎಂದು ಬೈಯುತ್ತಾರೆ. ರಕ್ತದಲ್ಲಿ ಇಷ್ಟಿದ್ದರೆ ತೊಂದರೆಯಿಲ್ಲ ಎಂಬ ಸುರಕ್ಷಿತ ಮಟ್ಟವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂಬುದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ಅಂದಾಜು. ಅಡ್ಡಾದಿಡ್ಡಿಯಾಗಿ ಬ್ಯಾಟರಿ ಒಡೆಯುವುದನ್ನು ಆ ವರದಿ ಮುಖ್ಯ ಕಾರಣಗಳಲ್ಲಿ ಒಂದೆಂದು ಎಣಿಸಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅಂಥವರು ವರ್ಷಗಟ್ಟಲೆ ಈ ವಿಷದ ಬಗ್ಗೆ ಕೂಗಿ ಹೇಳುತ್ತ ಬಂದಿದ್ದಾರೆ. 2000ನೇ ಇಸವಿಯಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಕೌಂಟರ್ ಕೆಳಗಿನ ಸೀಸ ಮಾತ್ರ ಇನ್ನೂ ದಾರಿ ತಪ್ಪಿ ತಿರುಗುತ್ತಿದೆ.

ಕಾನೂನಿಲ್ಲವೆ? ಇದೆ. ಹೊಸ ಬ್ಯಾಟರಿ ಮಾರುವಾಗ ಹಳೆಯದನ್ನು ವಾಪಸು ಪಡೆಯಬೇಕೆಂದು 2001ರ ನಿಯಮವೇ ಹೇಳಿತ್ತು. ಅದರ ಜಾಗಕ್ಕೆ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಬಂತು. ತಯಾರಿಸಿದವರೇ ಹಳೆಯದರ ಸಂಗ್ರಹ, ಮರುಬಳಕೆಯ ಹೊಣೆ ಹೊರಬೇಕು. ಬಳಸಿದವರು ಅದನ್ನು ಬೇರೆ ಕಸದೊಂದಿಗೆ ಬೆರೆಸದೆ ಸರಿಯಾದ ಕೈಗೆ ಒಪ್ಪಿಸಬೇಕು. ಮರುಬಳಕೆ ಮಾಡುವವರು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರ ಬ್ಯಾಟರಿಯ ಮೇಲಿರುವುದು ಇದಕ್ಕೇ. ಆದರೆ ಆ ಚಿತ್ರದ ಅರ್ಥ ಮಂಡಿಪೇಟೆಯಲ್ಲಿ ಎಷ್ಟು ಜನಕ್ಕೆ ಗೊತ್ತು?

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಬ್ಯಾಟರಿಯೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಸರಿಯಾಗಿ ಇಟ್ಟರೆ ಸೀಲ್ಡ್ ಬ್ಯಾಟರಿ ಹಳೇ ಆಸಿಡ್ ಬ್ಯಾಟರಿಗಿಂತ ಎಷ್ಟೋ ಸಾಧು. ಕೆಡುಕು ಇರುವುದು ‘ಎಲ್ಲಾದ್ರೂ ಇಡಿ ಸಾರ್’ ಎಂಬ ಮಾತಿನಲ್ಲಿ. ಅದನ್ನು ಬದಲಿಸಲು ಕೋಟಿಗಟ್ಟಲೆ ಯೋಜನೆ ಬೇಕಿಲ್ಲ, ಮೂರು ಕೆಲಸ ಸಾಕು.

ಮೊದಲನೆಯದು, ಮಾರುವವರದು. ಬ್ಯಾಟರಿಯ ಜೊತೆಗೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಚೀಟಿ ಕೊಡಲಿ. ಇಟ್ಟ ತಾರೀಖನ್ನು ಬ್ಯಾಟರಿಯ ಮೇಲೆ ಬರೆದು ಅಂಟಿಸಲಿ. ಇಂಗ್ಲಿಷಿನ ಸಣ್ಣಕ್ಷರದ ಸೂಚನಾ ಪತ್ರ ಮುಟ್ಟುವುದು ಪೊಟ್ಟಣ ಕಟ್ಟುವ ಕಾಗದದ ಗತಿಯನ್ನಷ್ಟೇ. ಜೋಡಿಸಲು ಕಳಿಸುವ ಹುಡುಗನಿಗೆ ಕನ್ನಡಕ, ಟೇಪ್ ಸುತ್ತಿದ ಸ್ಪ್ಯಾನರ್ ಕೊಟ್ಟು ಕಳಿಸಲಿ. ಅವನೂ ಒಬ್ಬ ತಾಯಿಯ ಮಗ.

ಎರಡನೆಯದು, ವರ್ತಕರದು. ತಿಂಗಳಿಗೊಂದು ದಿನ, ಅಮಾವಾಸ್ಯೆ ಪೂಜೆಗೆ ಅಂಗಡಿ ಗುಡಿಸುವಾಗಲೇ ಆಗಲಿ, ಐದು ನಿಮಿಷ ಬಗ್ಗಿ ನೋಡಲಿ: ಊದಿದೆಯೆ, ಬಿಸಿಯಿದೆಯೆ, ತುದಿ ಸಡಿಲವೆ, ಗಾಳಿಯಿದೆಯೆ? ಹಳೆಯ ಬ್ಯಾಟರಿಯನ್ನು ಬಿಲ್ಲು ಪಡೆದು ಮಾರಿದವರಿಗೇ ವಾಪಸು ಕೊಡಲಿ. ನೂರಿನ್ನೂರು ರೂಪಾಯಿ ನಷ್ಟವಾದೀತು. ಗಣೇಶೋತ್ಸವದ ಚಂದಾ ಕೊಡುವಾಗ ಅದಕ್ಕಿಂತ ಹೆಚ್ಚು ಧಾರಾಳ ತೋರಿಸುವ ಮಂಡಿಪೇಟೆಗೆ ಇದು ಭಾರವಲ್ಲ.

ಮೂರನೆಯದು, ಮಹಾನಗರ ಪಾಲಿಕೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯದು. ವ್ಯಾಪಾರ ಪರವಾನಗಿ ನವೀಕರಿಸುವಾಗ ಬ್ಯಾಟರಿ ಎಲ್ಲಿದೆ, ಹಳೆಯದು ಎಲ್ಲಿ ಹೋಯಿತು ಎಂದು ಎರಡು ಸಾಲಿನ ಪ್ರಶ್ನೆ ಸೇರಿಸಲಿ. ಬಸ್ ನಿಲ್ದಾಣದ ಬಳಿ, ಹಳ್ಳಿಯಿಂದ ಬಂದವರಿಗೂ ಸಿಗುವಂತೆ, ಹಳೇ ಬ್ಯಾಟರಿ ಪಡೆಯುವ ಒಂದು ಕೇಂದ್ರ ತೆರೆಯಿಸಲಿ. ಅಲ್ಲಿ ಕೊಡುವ ಬೆಲೆ ಗುಜರಿಯ ಬೆಲೆಗೆ ತೀರ ಕಡಿಮೆಯಾಗದಂತೆ ನೋಡಿಕೊಳ್ಳಲಿ. ಬೆಲೆ ಸರಿಯಿಲ್ಲದೆ ಬುದ್ಧಿಮಾತು ಮಾತ್ರ ಹೇಳಿದರೆ ವ್ಯಾಪಾರಿ ಕೇಳುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಕದ್ದು ಸೀಸ ಕರಗಿಸುವವರ ಮೇಲೆ ದಾಳಿ ಮಾಡುವಾಗ ಬಾಣಲೆ ಹಿಡಿದ ಕೂಲಿಯವನನ್ನಷ್ಟೇ ಹಿಡಿದು ಫೋಟೋ ತೆಗೆಸಿಕೊಳ್ಳದೆ, ಅವನಿಂದ ಸೀಸ ಕೊಂಡವರನ್ನೂ ಹಿಡಿಯಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಹಳೇ ಚಾಳಿ. ಒಂದು ಅಂಗಡಿ ಸುಟ್ಟು, ಒಬ್ಬ ಹುಡುಗನ ಕಣ್ಣು ಹೋಗಿ, ಆಮೇಲೆ ಸಭೆ ಕರೆದು ಸುತ್ತೋಲೆ ಹೊರಡಿಸುವ ಬದಲು ಈಗಲೇ ಮಾಡಿದರೆ ಖರ್ಚಾಗುವುದು ಒಂದು ಚೀಟಿ, ಒಂದು ಟೇಪು, ಒಂದು ಕನ್ನಡಕ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ? ಅವರು ಹರಿಸುವವರೆಗೆ, ಇಂದು ರಾತ್ರಿ ಶಟರ್ ಎಳೆಯುವ ಮೊದಲು ಮಾಲೀಕರು ಒಮ್ಮೆ ಬಗ್ಗಿ ಕೌಂಟರ್ ಕೆಳಗೆ ಟಾರ್ಚ್ ಬಿಟ್ಟು ನೋಡಲಿ.